ಬೀಬಿಯಮ್ಮ ಮತ್ತು ಜೇಬಿನೊಳಗಿನ ಫ್ಯೂಸು

ಗುಬ್ಬಿಯ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಚಪ್ಪಲಿ ಬಿಡದೆ ಒಳಗೆ ಹೋದವರು ನಮ್ಮಲ್ಲಿ ಯಾರೂ ಇಲ್ಲ. ಹಾಗಂತ ಅಲ್ಲಿ ಬೋರ್ಡೇನೂ ಇರಲಿಲ್ಲ. ಬಾಗಿಲ ಪಕ್ಕದ ಮರದ ಸ್ಟೂಲಿನ ಮೇಲೆ ಲ್ಯಾಬ್ ಅಟೆಂಡರ್ ಬೀಬಿಜಾನ್ ಕೂತಿರುತ್ತಿದ್ದರು, ಅಷ್ಟೇ. ಐವತ್ತರ ಹತ್ತಿರದ ವಯಸ್ಸು, ಕೈಯಲ್ಲೊಂದು ಸೂಜಿ, ಪಕ್ಕದಲ್ಲಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಲ್ಯಾಬಿನ ಹನ್ನೆರಡು ಕಂಪ್ಯೂಟರುಗಳಿಗೂ ಅವರೇ ಗವಸು ಹೊಲಿದಿದ್ದರು. ಒಂದೊಂದಕ್ಕೂ ಒಂದೊಂದು ಬಣ್ಣದ ಅಂಚು. ನಾವು ಅವರನ್ನು ಬೀಬಿಯಮ್ಮ ಎನ್ನುತ್ತಿದ್ದೆವು.

ಬೀಬಿಯಮ್ಮನ ಕೆಲಸ ಹಂಗಾಮಿಯಾದದ್ದು. ಆರು ವರ್ಷದಿಂದ ಹಂಗಾಮಿಯಾಗಿಯೇ ಇತ್ತು. ಗಂಡ ಜಹೀರ್ ಅಹಮದ್ ಹಾಸಿಗೆಗೆ ಹತ್ತಿ ತುಂಬುವವರು. ಮಳೆಗಾಲದಲ್ಲಿ ಅವರಿಗೆ ಕೆಲಸವಿರುತ್ತಿರಲಿಲ್ಲ. ಆ ನಾಲ್ಕು ತಿಂಗಳು ಮನೆ ನಡೆಯುತ್ತಿದ್ದುದು ಈ ಸ್ಟೂಲಿನ ಬಲದಿಂದ.

ಎರಡು ಸಾವಿರದ ಮೂರರ ಜುಲೈನಲ್ಲಿ ಬೆಂಗಳೂರಿನ ಯಾವುದೋ ಕಾರ್ಖಾನೆಯವರು ವರ್ಕ್‌ಸ್ಟೇಷನ್ ಎಂಬ ದೊಡ್ಡ ಜಾತಿಯ ಒಂದು ಹಳೆಯ ಕಂಪ್ಯೂಟರನ್ನು ಕಾಲೇಜಿಗೆ ದಾನ ಕೊಟ್ಟರು. ಮಿಠಾಯಿ ಡಬ್ಬಿಯಂಥ ಚಪ್ಪಟೆ ಪೆಟ್ಟಿಗೆ. ಅದರ ಮಾನಿಟರನ್ನು ಮಾತ್ರ ಇಬ್ಬರು ಹೊತ್ತು ತರಬೇಕಾಯಿತು. ಒಳಗೆ ಏನೂ ಇರಲಿಲ್ಲ, ಎಲ್ಲ ಅಳಿಸಿಯೇ ಕಳಿಸಿದ್ದರು. ಆ ವರ್ಷ ನಮ್ಮ ಪಠ್ಯಕ್ಕೆ ಯುನಿಕ್ಸ್ ಸೇರಿತ್ತು. ನಮ್ಮ ಮೇಷ್ಟ್ರು ಬೆಟ್ಟಸ್ವಾಮಿ ತುಮಕೂರಿನ ಬ್ರೌಸಿಂಗ್ ಸೆಂಟರಿನಲ್ಲಿ ನಾಲ್ಕು ಭಾನುವಾರ ಕೂತು ನೆಟ್‌ಬಿಎಸ್‌ಡಿ ಎಂಬ ಯುನಿಕ್ಸ್ ಜಾತಿಯದೇ ವ್ಯವಸ್ಥೆಯನ್ನು ಇಳಿಸಿ, ಸಿಡಿಗೆ ಹಾಕಿಸಿಕೊಂಡು ಬಂದರು. ಪೆಟ್ಟಿಗೆಯ ಸಿಡಿ ಡ್ರೈವಿಗೆ ಕಣ್ಣು ಮಂಜಾಗಿತ್ತೋ ಏನೋ, ಒಂದೊಂದು ಕಡತ ಓದುವುದಕ್ಕೂ ಅದು ಏದುಸಿರು ಬಿಡುತ್ತಿತ್ತು. ಎಲ್ಲ ಮುಗಿಯಲು ಆರೇಳು ಗಂಟೆ ಬೇಕಿತ್ತು.

ಆರೇಳು ಗಂಟೆ ಎಲ್ಲಿಂದ ತರುವುದು? ತರಗತಿ ಮುಗಿಯುವುದು ಮೂರಕ್ಕೆ. ನಾಲ್ಕೂವರೆಗೆ ಪ್ರಿನ್ಸಿಪಾಲರು ಬರುತ್ತಿದ್ದರು.

ಪ್ರಿನ್ಸಿಪಾಲ್ ರಾಮಾಂಜಿನಯ್ಯನವರು ಕೊತ್ತಗೆರೆ ಕಡೆಯವರು. ಅವರ ಮಾವನ ಕೊಬ್ಬರಿ ಗೋದಾಮು ಒಮ್ಮೆ ಶಾರ್ಟ್ ಸರ್ಕ್ಯೂಟಿನಿಂದ ಸುಟ್ಟುಹೋಗಿತ್ತಂತೆ. ಅಂದಿನಿಂದ ಅವರಿಗೆ ಸ್ವಿಚ್ಚುಗಳ ಮೇಲೆ ನಂಬಿಕೆಯಿರಲಿಲ್ಲ. ದಿನವೂ ಲ್ಯಾಬಿನ ಪಿಂಗಾಣಿ ಫ್ಯೂಸನ್ನು ತಾವೇ ಕಿತ್ತು, ಜೇಬಿಗೆ ಹಾಕಿ, ಮೇಲೊಮ್ಮೆ ತಟ್ಟಿಕೊಂಡು, ಮನೆಗೆ ಒಯ್ಯುತ್ತಿದ್ದರು. ರಾತ್ರಿ ಅದು ಅವರ ದಿಂಬಿನ ಪಕ್ಕದಲ್ಲಿ ಮಲಗುತ್ತದೆಂದು ನಾವು ಹುಡುಗಿಯರು ಹೇಳಿಕೊಂಡು ನಗುತ್ತಿದ್ದೆವು.

ಹೀಗೆ ನೆಟ್‌ಬಿಎಸ್‌ಡಿ ಒಂಬತ್ತು ಸಲ ಅರ್ಧಕ್ಕೆ ನಿಂತಿತು.

ಹತ್ತನೆಯ ದಿನ ಪ್ರಿನ್ಸಿಪಾಲರು ಬರುವ ಹೊತ್ತಿಗೆ ಬೀಬಿಯಮ್ಮ ಸ್ಟೂಲನ್ನು ಫ್ಯೂಸ್ ಬೋರ್ಡಿನ ಕೆಳಗೆ ಎಳೆದು ಅದರ ಮೇಲೆ ಹತ್ತಿ ನಿಂತಿದ್ದರು.

"ಭುಜ ನೋವು ಅಂತೀರಾ, ಮೇಲಕ್ಕೆ ಯಾಕ್ ಕೈ ಚಾಚ್ತೀರಾ ಸಾರ್? ನಾನೇ ಕಿತ್ ಕೊಡ್ತೀನಿ."

"ಸರಿಯಾಗ್ ಕೀಳಮ್ಮ."

ಕಿತ್ತು ಕೊಟ್ಟರು. ಪ್ರಿನ್ಸಿಪಾಲರು ಜೇಬು ತಟ್ಟಿಕೊಂಡು ಹೊರಟರು. ಅವರ ಜೇಬಿನಲ್ಲಿ ಹೋದದ್ದು ಅದೇ ಬೋರ್ಡಿನಲ್ಲಿದ್ದ ಲೈಬ್ರರಿಯ ಫ್ಯಾನಿನ ಫ್ಯೂಸು. ಲ್ಯಾಬಿನ ದೀಪವನ್ನು ಬೀಬಿಯಮ್ಮ ಮೊದಲೇ ಆರಿಸಿದ್ದರು, ಮಾನಿಟರಿನ ಮೇಲೆ ಗವಸು ಬಿದ್ದಿತ್ತು. ಅದರ ಪಕ್ಕದಲ್ಲಿ ಪೆಟ್ಟಿಗೆ ಮಾತ್ರ ಸಣ್ಣಗೆ ಗುಂಯ್‌ಗುಡುತ್ತ ತನ್ನ ಕೆಲಸ ನೋಡಿಕೊಳ್ಳುತ್ತಿತ್ತು.

ಬೆಳಿಗ್ಗೆ ಗವಸು ಸರಿಸಿದಾಗ ಕೆಲಸವೆಲ್ಲ ಮುಗಿದು ಪರದೆಯ ಮೇಲೆ ಲಾಗಿನ್ ಎಂಬ ಪದ ಮಿನುಗುತ್ತಿತ್ತು. ಬೆಟ್ಟಸ್ವಾಮಿ ಮೇಷ್ಟ್ರು ಬಾಯಿ ಬಿಟ್ಟುಕೊಂಡು ನಿಂತರು.

"ಬೀಬಿಯಮ್ಮ, ರಾತ್ರಿ ಕರೆಂಟ್ ಎಲ್ಲಿಂದ ಬಂತು?"

"ಕಂಬದಿಂದ ಸಾರ್. ಇನ್ನೆಲ್ಲಿಂದ ಬತ್ತದೆ?"

ಆದರೆ ಮಾರನೆಯ ದಿನದಿಂದ ಅವರು ಸರಿಯಾದ ಫ್ಯೂಸನ್ನೇ ಕೊಟ್ಟರು. "ಒಂದಿನ ಆಟ ಕಣಮ್ಮ. ದಿನಾ ಮಾಡಿದ್ರೆ ಅದು ಮೋಸ ಆಯ್ತದೆ," ಎಂದರು ನನಗೆ.

ಆಗ ಹೊಸ ತೊಂದರೆ ಕಾಣಿಸಿಕೊಂಡಿತು. ಪೆಟ್ಟಿಗೆಯೊಳಗಿನ ಒಂದು ಚಿಪ್‌ನ ಬ್ಯಾಟರಿ ಸತ್ತಿತ್ತು. ಕರೆಂಟು ಇರುವವರೆಗೆ ಯಂತ್ರಕ್ಕೆ ತನ್ನ ನಂಬರು ನೆನಪಿರುತ್ತಿತ್ತು. ಹೋದ ಕೂಡಲೇ ತಾನು ಯಾರೆಂಬುದೇ ಮರೆತುಹೋಗುತ್ತಿತ್ತು. ಬೆಳಿಗ್ಗೆ ಹಚ್ಚಿದರೆ ಏನೂ ತಿಳಿಯದೆ, ಕೊನೆಯ ಬೆಂಚಿನವರ ಹಾಗೆ, 'ಓಕೆ' ಎಂದು ಕೂತಿರುತ್ತಿತ್ತು. ಹದಿನಾರು ಸಾಲು ಅಂಕಿಗಳನ್ನು ಕುಟ್ಟಿ ಅದರ ಗುರುತನ್ನು ಅದಕ್ಕೇ ಹೇಳಿಕೊಡಬೇಕು. ಇಲ್ಲವಾದರೆ ಯುನಿಕ್ಸಿಗಾಗಿ ತಂತಿ ಎಳೆದು ಅದಕ್ಕೆ ಜೋಡಿಸಿದ್ದ ಉಳಿದ ಹನ್ನೆರಡು ಕಂಪ್ಯೂಟರುಗಳಿಗೆ ಅದು ಕಾಣುವುದೇ ಇಲ್ಲ.

"ಹೊಸ ಚಿಪ್ ಹಾಕಿದ್ರೆ ಒಂದೇ ಸಲ ಬರೆದ್ರೆ ಸಾಕು. ದಸರಾ ರಜದಲ್ಲಿ ಬೆಂಗಳೂರಿಂದ ತರ್ತೀನಿ," ಎಂದರು ಮೇಷ್ಟ್ರು. ರಜೆ ಮುಗಿಸಿ ಬಂದವರನ್ನು ಕೇಳಿದಾಗ ಬೀಬಿಯಮ್ಮನ ಕಡೆ ಒಮ್ಮೆ ನೋಡಿ, "ಸಿಗ್ಲಿಲ್ಲಮ್ಮ," ಎಂದರು.

ಮೇಷ್ಟ್ರ ಬಸ್ಸು ಬೆಳ್ಳಾವಿಯಿಂದ ಬರುವಾಗ ಹತ್ತು ದಾಟುತ್ತಿತ್ತು. ಹಾಗಾಗಿ ಹದಿನಾರು ಸಾಲು ಬೀಬಿಯಮ್ಮನ ಪಾಲಿಗೆ ಬಂತು. ಮೊದಲ ವಾರ ಚೀಟಿ ನೋಡಿ ಕುಟ್ಟಿದರು. ಆಮೇಲೆ ಚೀಟಿ ಬೇಕಾಗಲಿಲ್ಲ. ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆಯಲು ಬಾರದ ಆ ಬೆರಳುಗಳು ಸೂಜಿ ಆಡಿಸುವ ವೇಗದಲ್ಲೇ ಕೀಲಿಗಳ ಮೇಲೆ ಓಡುತ್ತಿದ್ದವು. ಎರಡು ನಿಮಿಷ. "ಏಳಪ್ಪ, ಬೆಳಗಾಯ್ತು," ಎಂದು ಪೆಟ್ಟಿಗೆಯ ನೆತ್ತಿ ಸವರುತ್ತಿದ್ದರು.

ಏಪ್ರಿಲ್ ತಿಂಗಳಲ್ಲಿ ಪ್ರಿನ್ಸಿಪಾಲರು ತಮ್ಮ ತಂಗಿಯ ಮಗ ಚಂದ್ರುವನ್ನು ಕುಣಿಗಲ್ಲಿನಿಂದ ಕರೆತಂದರು. ಡಿಪ್ಲೊಮಾ ಓದಿದವನು. ತಿಂಗಳ ಕೊನೆಗೆ ಬೀಬಿಯಮ್ಮ ಬಿಡಬೇಕು, ಮೇ ಒಂದರಿಂದ ಆ ಸ್ಟೂಲು ಅವನದು.

ಬೀಬಿಯಮ್ಮ ಅವನಿಗೆ ಯಂತ್ರ ತೋರಿಸಿದರು. ಕೇಳಿದ ತಕ್ಷಣ ಚೀಟಿಯನ್ನೂ ಅವನ ಕೈಗಿತ್ತರು. "ಎಲ್ಲಾ ಬರ್ದದೆ ಕಣಪ್ಪ. ಮೇಲಿಂದ ಕೆಳಕ್ಕೆ ಕುಟ್ಟು."

ಅದೇ ತಿಂಗಳು, ಪ್ರಾಯೋಗಿಕ ಪರೀಕ್ಷೆಯ ದಿನ ತುಮಕೂರಿನಿಂದ ಪರೀಕ್ಷಕರು ಬಂದರು. ನಾವು ಹನ್ನೆರಡು ಜನ ಖಾಲಿ ಪರದೆಗಳ ಮುಂದೆ ಕೂತೆವು. ಚಂದ್ರು ಒಂದೇ ಬೆರಳಿನಲ್ಲಿ, ಪ್ರತಿ ಅಂಕಿಯನ್ನೂ ಬಾಯಲ್ಲಿ ಹೇಳಿಕೊಳ್ಳುತ್ತ ಕುಟ್ಟತೊಡಗಿದ. ಹದಿನಾಲ್ಕನೆಯ ಸಾಲಿಗೆ ಕರೆಂಟು ಹೋಯಿತು. ಐದು ನಿಮಿಷಕ್ಕೆ ಬಂತು. ಮತ್ತೆ ಮೊದಲಿನಿಂದ. ಹನ್ನೆರಡನೆಯ ಸಾಲು, ಮತ್ತೆ ಹೋಯಿತು. ಬೇಸಿಗೆಯ ಗುಬ್ಬಿಯಲ್ಲಿ ಕರೆಂಟು ಹೀಗೇ, ನೆಂಟರ ಮನೆಗೆ ಬಂದ ಹಾಗೆ ಬಂದು ಹೋಗುತ್ತದೆ.

"ಏನ್ಲಾ ಚಂದ್ರು, ಎಷ್ಟೊತ್ಲಾ?" ಪ್ರಿನ್ಸಿಪಾಲರು ಬೆವರು ಒರೆಸಿಕೊಂಡರು.

"ಇದು ತಲೆ ಕೆಟ್ಟಿರೋ ಮಿಷಿನ್ನು ಮಾವ!"

ಪರೀಕ್ಷಕರು ಗಡಿಯಾರ ನೋಡಿದರು. "ಹನ್ನೊಂದರ ತನಕ ಕಾಯ್ತೀನಿ. ಆಗ್ಲಿಲ್ಲ ಅಂದ್ರೆ ಸೆಂಟರ್ ಕ್ಯಾನ್ಸಲ್ ಮಾಡಿ ಅಂತ ಬರೀತೀನಿ."

ಆಗ ಹನ್ನೊಂದಕ್ಕೆ ಎಂಟು ನಿಮಿಷ. ಪ್ರಿನ್ಸಿಪಾಲರು ಬಾಗಿಲಿನತ್ತ ತಿರುಗಿದರು. ಬೀಬಿಯಮ್ಮ ಸ್ಟೂಲಿನ ಮೇಲೆ ಗುಂಡಿ ಹೊಲಿಯುತ್ತ, ಬೀದಿಯಾಚೆ ನಿಂತುಹೋಗಿದ್ದ ಹಿಟ್ಟಿನ ಗಿರಣಿಯತ್ತ ಕಿವಿಗೊಟ್ಟಿದ್ದರು.

"ಬೀಬಿಜಾನ್, ಸ್ವಲ್ಪ ಬನ್ನಿ," ಎಂದರು. ಅವರು ಬಹುವಚನ ಬಳಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬೀಬಿಯಮ್ಮ ನಿಧಾನವಾಗಿ ದಾರ ಕಡಿದರು. ಗಿರಣಿಯ ಬೆಲ್ಟು ಮತ್ತೆ ತಿರುಗಿದ ಸದ್ದು ಕೇಳಿದ ಮೇಲೇ ಎದ್ದರು; ಕರೆಂಟು ಬಂದಿತ್ತು. ಒಳಗೆ ಬಂದವರು ನೇರ ಯಂತ್ರದ ಬಳಿ ಹೋಗದೆ ಪರೀಕ್ಷಕರ ಮುಂದೆ ನಿಂತರು.

"ಸಾರ್, ಬೂಟು ಆಚೆ."

ಪರೀಕ್ಷಕರು ತಮ್ಮ ಕಾಲು ನೋಡಿಕೊಂಡರು. ಪ್ರಿನ್ಸಿಪಾಲರ ಮುಖ ನೋಡಿದರು. ಬೂಟು ಬಿಚ್ಚಿ ಹೊರಗಿಟ್ಟು ಬಂದರು.

ಆಮೇಲೆ ಎರಡು ನಿಮಿಷ ಕೀಲಿಗಳ ಸದ್ದು. ಬೀಬಿಯಮ್ಮ ಪರದೆಯನ್ನೂ ನೋಡಲಿಲ್ಲ, ಕಿಟಕಿಯಾಚೆಯ ಬೇವಿನ ಮರ ನೋಡುತ್ತ ಕುಟ್ಟಿದರು. ಸ್ವಲ್ಪ ಹೊತ್ತಿಗೆ ನಮ್ಮ ಹನ್ನೆರಡೂ ಪರದೆಗಳಲ್ಲಿ ಲಾಗಿನ್ ಎಂದು ಬಂತು. ಪರೀಕ್ಷೆ ಮುಗಿಯುವ ತನಕ ಕರೆಂಟು ಹೋಗಲಿಲ್ಲ.

ಸಂಜೆ ಫ್ಯೂಸ್ ಬೋರ್ಡಿನ ಕೆಳಗೆ ಬೆಟ್ಟಸ್ವಾಮಿ ಮೇಷ್ಟ್ರು ಬಹಳ ವಿನಯದಿಂದ ಹೇಳಿದರು: "ಒಂದು ದಾರಿ ಇದೆ ಸಾರ್. ಒಂದು ಸಣ್ಣ ಯುಪಿಎಸ್ ಇಟ್ಟು, ರಾತ್ರಿ ಫ್ಯೂಸ್ ಕೀಳದೇ ಬಿಟ್ರೆ ಯಂತ್ರ ಏನೂ ಮರೆಯೋದಿಲ್ಲ. ಆಗ ಚಂದ್ರುನೇ ಸಾಕು."

"ಫ್ಯೂಸ್ ಕೀಳದೇ? ರಾತ್ರಿಯೆಲ್ಲಾ?"

"ರಾತ್ರಿಯೆಲ್ಲಾ ಸಾರ್. ಭಾನುವಾರನೂ."

ಪ್ರಿನ್ಸಿಪಾಲರು ಲ್ಯಾಬನ್ನು ನೋಡಿದರು, ಅಳಿಯನನ್ನು ನೋಡಿದರು. ಅವರ ಕಣ್ಣಲ್ಲಿ ಒಂದು ಕೊಬ್ಬರಿ ಗೋದಾಮು ಉರಿದು ಆರಿತು. ಕೈ ತಾನಾಗಿ ಮೇಲೆ ಹೋಗಿ ಫ್ಯೂಸು ಕಿತ್ತಿತು.

"ಆಯಮ್ಮನೇ ಇರ್ಲಿ ಬುಡ್ರಿ," ಎಂದು ಜೇಬು ತಟ್ಟಿಕೊಂಡು ಹೊರಟರು. ಚಂದ್ರುವಿಗೆ ಲೈಬ್ರರಿಯಲ್ಲಿ ಜಾಗವಾಯಿತು.

ಫಲಿತಾಂಶ ಬಂದ ದಿನ ನನ್ನ ಚೂಡಿದಾರದ ತೋಳಿನ ಹೊಲಿಗೆ ಬಿಟ್ಟಿತ್ತು. ಸೂಜಿ ಕೇಳಿದೆ, ಬೀಬಿಯಮ್ಮ ಚಹಾ ಕುಡಿಯುತ್ತ ಡಬ್ಬಿಯನ್ನೇ ನನ್ನತ್ತ ತಳ್ಳಿದರು. ದಾರದ ಉಂಡೆಗಳ ಕೆಳಗೆ ಬೆಂಗಳೂರಿನ ಅಂಗಡಿಯ ಒಂದು ರಸೀತಿ ಮಡಚಿಟ್ಟಿತ್ತು. ಅದರ ಮೇಲೆ ದಸರೆಯ ವಾರದ ತಾರೀಖು. ಒಳಗೆ ಹೊಚ್ಚ ಹೊಸ ಚಿಪ್, ಕಾಲುಗಳೆಲ್ಲ ಥಳಥಳ ಹೊಳೆಯುತ್ತಿದ್ದವು.

ನಾನು ತಲೆಯೆತ್ತಿದೆ. ಬೀಬಿಯಮ್ಮ ಲೋಟವನ್ನು ಕೆಳಗಿಟ್ಟರು.

"ಅದು ಗುಂಡಿ ಕಣಮ್ಮ," ಎಂದರು. "ಇನ್ನೂ ಹೊಲ್ದಿಲ್ಲ."