ಟೀಚರ್ ಹಾಕಿದ ಕೆಂಪು ರೈಟು

ಮೊನ್ನೆ ಆಫೀಸಿನಲ್ಲಿ ಕೆಂಪು ಮಾರ್ಕರಿನ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಟೀಚರ್ ನೆನಪಾದರು... ಪೀಣ್ಯದ ತಗಡಿನ ಶೆಡ್ಡು, ಮಿಷನ್ ಎಣ್ಣೆಯ ಜಿಡ್ಡು, ನನ್ನ ಪಕ್ಕದಲ್ಲಿದ್ದ ಅವರ ಸ್ಟೂಲು.

ತೊಂಬತ್ತರ ದಶಕದ ಮಾತು. ಟೀಚರ್ ನಮ್ಮ ಪಕ್ಕದ ಮನೆಯವರು. ಅವರು ಪಾಠ ಹೇಳುತ್ತಿದ್ದ ನರ್ಸರಿ ಶಾಲೆ ಮುಚ್ಚಿಹೋಗಿತ್ತು. ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಒಂದೇ ರಾಗ: ಟೀಚರ್‌ಗೆ ಫ್ಯಾಕ್ಟರಿಯಲ್ಲೇನು ಕೆಲಸ? ಬಯೋಡೇಟಾದಲ್ಲಿ ಶಾಲೆಯ ವಿಷಯ ಬಿಟ್ಟುಬಿಡಿ ಎಂದು ನಾನೂ ಬುದ್ಧಿ ಹೇಳಿದ್ದುಂಟು. "ಮಾಡಿದ್ ಕೆಲ್ಸಾನ ಯಾಕ್ರೀ ಬಚ್ಚಿಡ್ಲಿ, ಕಳ್ಳತನ ಮಾಡಿದ್ನಾ?" ಎಂದು ಗದರಿದ್ದರು. ಕೊನೆಗೆ ನಾನು ಕೆಲಸಕ್ಕಿದ್ದ ಪೀಣ್ಯದ ಫ್ಯಾಕ್ಟರಿಯ ಮ್ಯಾನೇಜರ್ ಮೂಗು ಮುರಿಯುತ್ತಲೇ ಒಂದು ವಾರದ ಟ್ರಯಲ್ ಕೊಟ್ಟರು.

ಮೊದಲ ದಿನವೇ ಎಡವಟ್ಟು. ಲೇತ್ ಮಿಷನ್ನಿನಲ್ಲಿ ಕಡೆದು ಬಂದ ಲೋಹದ ಪೀಸುಗಳನ್ನು ಗೇಜಿನಲ್ಲಿ ಅಳೆಯುವುದು ನಮ್ಮ ಕೆಲಸ. ಸರಿಯಿದ್ದ ಒಂದೊಂದು ಪೀಸಿನ ಮೇಲೂ ಟೀಚರ್ ಮಾರ್ಕರಿನಲ್ಲಿ ಚೆಂದವಾಗಿ ಕೆಂಪು ರೈಟ್ ಹಾಕಿದ್ದರು, ಮಕ್ಕಳ ಹೋಂವರ್ಕಿಗೆ ಹಾಕುವ ಹಾಗೆ. ನಮ್ಮಲ್ಲೋ, ಕೆಂಪು ಬಿತ್ತೆಂದರೆ ಪೀಸು ಕೆಟ್ಟಿದೆ ಎಂದರ್ಥ. ಅದನ್ನು ಅವರಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಒಳ್ಳೇ ಮಾಲೆಲ್ಲ ಸ್ಕ್ರ್ಯಾಪ್ ಡಬ್ಬ ಸೇರಿತು.

"ಇದಕ್ಕೇ ಮೇಡಂ, ಟೀಚರ್‌ಗಳು ಬೇಡ ಅನ್ನೋದು. ನಾಳೆಯಿಂದ ಬರ್ಬೇಡಿ," ಎಂದರು ಮ್ಯಾನೇಜರ್.

ಟೀಚರ್ ಜಗ್ಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಡಬ್ಬ ಎಳೆದು ತಂದು ಮ್ಯಾನೇಜರ್ ಮುಂದೆಯೇ ಸುರಿದರು.

"ಬಣ್ಣ ತಪ್ಪಾಯ್ತು ಸಾರ್, ಒಪ್ಕೋತೀನಿ. ಅಳತೆ ತಪ್ಪಾಗಿದ್ರೆ ನಾನೇ ಹೋಗ್ತೀನಿ. ಅಳೆದು ನೋಡಿ."

ಮ್ಯಾನೇಜರ್ ಅಳೆದರು, ಮುಖ ಗಂಟು ಹಾಕಿಕೊಂಡೇ. ರೈಟ್ ಬಿದ್ದಿದ್ದ ಯಾವ ಪೀಸೂ ಕೆಟ್ಟಿರಲಿಲ್ಲ. "ನಾಳೆ ಹಸಿರು ಪೆನ್ ತಗೊಳ್ಳಿ," ಎಂದಷ್ಟೇ ಹೇಳಿ ಎದ್ದು ಹೋದರು. ಟೀಚರ್ ರಿಟೈರ್ ಆಗುವವರೆಗೂ ಅಲ್ಲೇ ಇದ್ದರು. ಆಮೇಲೆ ಬಂದ ಹುಡುಗಿಯರಿಗೆಲ್ಲ ಕೆಲಸ ಕಲಿಸಿದವರು ಅವರೇ, ಒಂದಿಷ್ಟು ಜೋರು ಮಾಡಿಕೊಂಡು...

ಈಗ ಇನ್ನೊಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಜನ ಆರಿಸುವ ಕುರ್ಚಿ ನನ್ನದು. ಮೊನ್ನೆ ಬಂದದ್ದು ಒಬ್ಬ ಟೈಲರನ ಅರ್ಜಿ.

"ಬಟ್ಟೆ ಹೊಲಿಯೋನು ನಮಗ್ಯಾಕೆ ಮೇಡಂ?" ಎಂದ ಸೂಪರ್‌ವೈಸರ್.

"ಮೊದ್ಲು ಅವ್ನ ಕೈಗೆ ಗೇಜ್ ಕೊಡಿ. ಆಮೇಲೆ ಮಾತಾಡೋಣ," ಎಂದೆ.

ಅದಕ್ಕೇ ಆ ಮಾರ್ಕರಿನ ಮುಚ್ಚಳ ತೆಗೆದದ್ದು. ಟ್ರಯಲ್‌ಗೆ ಕರೆಯಿರಿ ಎಂದು ಅರ್ಜಿಯ ಮೇಲೆ ಕೆಂಪಿನಲ್ಲೇ ದೊಡ್ಡದೊಂದು ರೈಟ್ ಹಾಕಿದೆ. ಟೀಚರ್ ತೀರಿಕೊಂಡು ವರ್ಷವಾಯಿತು. ನೋಡಿ ನಗುವುದಕ್ಕೆ ಅವರಿರಬೇಕಿತ್ತು.