ಗಾಯಾಳುವಿನ ಮನೆಯ ಹಿಮ

ಜಾನೆಲ್ ವಾಸಿಲಿಕ್ ಮನೆ ಮುಂದಿನ ಹಿಮವನ್ನು ಸಲಿಕೆಯಿಂದ ಎತ್ತಿ ಎತ್ತಿ ಬದಿಗೆ ಎಸೆಯುತ್ತಿದ್ದರೆ, ಅವಳ ಗಂಡ ಟ್ರೆಂಟ್ ಪರದೆಯ ಹಿಂದೆ ನಿಂತು ಡೋನಟ್ ತಿನ್ನುತ್ತಿದ್ದ. ಆರಡಿ ದಾಟಿದ ಆಳು, ಬಾಗಿಲು ತುಂಬುವ ಭುಜ. ಐಸ್ ಹಾಕಿಯಲ್ಲಿ ಎದುರು ತಂಡದವರನ್ನು ಅಡ್ಡಗಟ್ಟಿ ಅಂಚಿನ ಹಲಗೆಗೆ ಅಪ್ಪಳಿಸುವುದೇ ಅವನ ಕಸುಬು. ಆ ಬೆಳಿಗ್ಗೆ ಅವನಿಗೆ ಎಲ್ಲಿಯೂ ನೋವಿರಲಿಲ್ಲ. ಹಸಿವಂತೂ ಎಂದಿನಂತೆ ಎರಡಾಳಿನದು. ಆದರೂ ಅವನು ಸಲಿಕೆ ಮುಟ್ಟುವಂತಿರಲಿಲ್ಲ. ಸಾಸ್ಕಟೂನ್ ಕ್ರೇನ್ಸ್ ತಂಡದ ಲೆಕ್ಕದಲ್ಲಿ ಅವನು ಗಾಯಾಳು. ಗಾಯಾಳು ಹಿಮ ಎತ್ತುವುದನ್ನು ಯಾರಾದರೂ ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿಬಿಟ್ಟರೆ?

ಹೀಗಾಗಿ ಹಿಮ ಜಾನೆಲ್ ಪಾಲಿಗೆ ಬಂದಿತ್ತು.

"ಏನಮ್ಮಾ ಜಾನೆಲ್," ಪಕ್ಕದ ಮನೆಯ ಮುದುಕ ಮರ್ವ್ ಪೆಲ್ಟಿಯರ್ ತನ್ನ ಹಿಮ ಊದುವ ಯಂತ್ರ ನಿಲ್ಲಿಸಿ ಕೂಗಿದ. "ಈ ಸಲ ಎಲ್ಲಿ ನೋವಂತೆ ನಿನ್ನ ಗಂಡಂಗೆ?"

"ಮೇಲ್ಭಾಗ."

"ಹಂಗಂದ್ರೆ?"

"ಸೊಂಟದಿಂದ ಮೇಲೆ. ಅದಕ್ಕಿಂತ ಜಾಸ್ತಿ ತಂಡ ಹೇಳಲ್ಲ ಮರ್ವ್, ನಿಂಗೊತ್ತಲ್ಲ."

"ಸೊಂಟದಿಂದ ಮೇಲೆ ಅಂದ್ರೆ ಬಾಯೂ ಸೇರ್ತಲ್ಲ! ಅದು ಚೆನ್ನಾಗೇ ಓಡ್ತಿದೆ ನೋಡು, ಪರದೆ ಹಿಂದೆ."

ಜಾನೆಲ್ ನಕ್ಕಳು. ನಕ್ಕ ಮೇಲೆ ಬೆನ್ನು ನೆಟ್ಟಗೆ ಮಾಡಿ ಕಿಟಕಿಯ ಕಡೆ ನೋಡಿದಳು. ಪರದೆ ಸರಕ್ಕನೆ ಮುಚ್ಚಿಕೊಂಡಿತು. ಅವಳ ನಗು ಅಲ್ಲಿಗೆ ನಿಂತಿತು. ಕಣ್ಣರೆಪ್ಪೆ ಅಂಟಿಕೊಳ್ಳುವಂಥ ಆ ಚಳಿಯಲ್ಲೂ ಅವಳ ಕಿವಿ ಬಿಸಿಯಾಯಿತು.

ಇದೆಲ್ಲ ಶುರುವಾದದ್ದು ಅವಳ ಊಟದ ಮೇಜಿನ ಮೇಲೇ. ಹಿಂದಿನ ಭಾನುವಾರ ತಂಡದ ಮ್ಯಾನೇಜರ್ ಡಂಕನ್ ಮೆಕ್ಲೀಶ್ ಊಟಕ್ಕೆ ಬಂದಿದ್ದ. ತಾನಾಗಿಯೇ ಕರೆಸಿಕೊಂಡಿದ್ದ ಎನ್ನಬೇಕು. "ಜಾನೆಲ್ ಕೈಯ ಪಿರೋಗಿ ಕಡುಬು ತಿಂದು ಎಷ್ಟು ದಿನ ಆಯ್ತು" ಎಂದು ಟ್ರೆಂಟ್‌ಗೆ ಫೋನ್ ಮಾಡಿದ್ದ. ಜಾನೆಲ್ ಬೆಳಗಿನಿಂದ ಹಿಟ್ಟು ನಾದಿ, ಲಟ್ಟಿಸಿ, ಬಟ್ಟಲಿನ ಅಂಚಿನಿಂದ ದುಂಡಗೆ ಕತ್ತರಿಸಿ, ಆಲೂಗಡ್ಡೆ ಚೀಸ್ ತುಂಬಿ, ಒಂದೊಂದರ ಅಂಚನ್ನೂ ಬೆರಳಿನಿಂದ ಒತ್ತಿ, ಬೇಯಿಸಿ, ಈರುಳ್ಳಿಯೊಂದಿಗೆ ಬೆಣ್ಣೆಯಲ್ಲಿ ಹುರಿದಿದ್ದಳು. ಮೆಕ್ಲೀಶ್ ತಟ್ಟೆಯ ತುಂಬ ಬಡಿಸಿಕೊಂಡು, ಅದನ್ನೇ ಇಟ್ಟುಕೊಂಡು ಪಾಠ ಶುರು ಮಾಡಿದ.

"ನೋಡು ಜಾನೆಲ್, ಲೀಗು ನಮಗೆ ಕೊಟ್ಟಿರೋದು ಇಷ್ಟಗಲ ತಟ್ಟೆ. ಎಲ್ಲಾ ಆಟಗಾರರ ಸಂಬಳ ಸೇರಿ ಈ ಅಂಚು ದಾಟೋ ಹಾಗಿಲ್ಲ. ಮಿತಿ ಅಂದ್ರೆ ಮಿತಿ. ಮಾಲೀಕರ ಹತ್ರ ಎಷ್ಟೇ ದುಡ್ಡಿರ್ಲಿ, ಪ್ರಯೋಜನ ಇಲ್ಲ. ಈಗ ಪೂರ್ವದ ಕಡೆಯಿಂದ ಒಬ್ಬ ಒಳ್ಳೇ ಗೋಲು ಹೊಡೆಯೋನು ಸಿಗ್ತಾನೆ. ನನ್ನ ತಟ್ಟೆ ತುಂಬಿದೆ. ಅವನನ್ನ ಎಲ್ಲಿಡ್ಲಿ?"

"ಕೆಲವರನ್ನ ಕೆಳಗಿನ ತಂಡಕ್ಕೆ ಕಳಿಸ್ತೀರಲ್ಲ."

"ಕಳಿಸಿದ್ರೂ ಅವರ ಸಂಬಳದ ದೊಡ್ಡ ಪಾಲು ತಟ್ಟೇಲೇ ಉಳಿಯುತ್ತೆ ತಾಯಿ. ಪೂರ್ತಿ ಜಾಗ ಬಿಡೋದು ಒಂದೇ ಒಂದು. ದೀರ್ಘಕಾಲದ ಗಾಯ." ಅವನು ಒಂದು ಪಿರೋಗಿಯನ್ನು ಫೋರ್ಕಿನಿಂದ ಚುಚ್ಚಿ ಎತ್ತಿ, ಪಕ್ಕದ ಕಾಗದದ ಕರವಸ್ತ್ರದ ಮೇಲಿಟ್ಟ. "ಇವನು ಟ್ರೆಂಟ್. ಎಸೆದಿಲ್ಲ ನೋಡು. ಒಪ್ಪಂದ ಮುಗಿಯೋವರೆಗೂ, ಇನ್ನೂ ಮೂರು ವರ್ಷ, ಸಂಬಳ ಪೂರ್ತಿ ಬರುತ್ತೆ. ತಟ್ಟೇಲಿಲ್ಲ, ಅಷ್ಟೇ. ಗಂಡ ಮನೇಲಿರ್ತಾನೆ. ಯಾವ ಹೆಂಡತಿಗೆ ಬೇಡ?"

"ಅವನಿಗೆ ಗಾಯ ಎಲ್ಲಿದೆ?"

"ತಲೇಲಿ. ಹಳೇ ಪೆಟ್ಟು. ನೀನೇ ಹೇಳಿದ್ಯಲ್ಲ, ಆವಾಗ."

ಜಾನೆಲ್ ಕೈಯ ಸೌಟು ಗಾಳಿಯಲ್ಲೇ ನಿಂತಿತು. ಟ್ರೆಂಟ್ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಲೀಗಿನಿಂದ ಒಬ್ಬ ಡಾಕ್ಟರ್ ಬರ್ತಾರೆ," ಮೆಕ್ಲೀಶ್ ಮುಂದುವರಿಸಿದ. "ತಲೆಪೆಟ್ಟು ಅಂದ್ರೆ ಮನೆಯವರನ್ನ ಕೇಳೇ ಕೇಳ್ತಾರೆ. ನಿದ್ದೆ ಹೇಗೆ, ಮರೆವು ಇದ್ಯಾ, ರೇಗ್ತಾನಾ ಅಂತ. ನೀನು ಆವತ್ತು ಹೇಳಿದ್ದನ್ನೇ ಇವತ್ತು ಹೇಳು. ಹೊಸದಾಗಿ ಏನೂ ಕಟ್ಟಬೇಡ. ಅಲ್ಲೀವರೆಗೆ ಇವನು ಹೊರಗೆ ಜಾಸ್ತಿ ಕಾಣಿಸ್ಕೋಬಾರ್ದು."

ಅವನು ಹೋದ ಮೇಲೆ ಜಾನೆಲ್ ಮೇಜು ಒರೆಸಲು ಬಂದಳು. ತಟ್ಟೆ ಖಾಲಿಯಾಗಿತ್ತು. ಕರವಸ್ತ್ರದ ಮೇಲಿನ ಆ ಒಂದು ಪಿರೋಗಿ ಹಾಗೇ ಇತ್ತು. ಜಿಡ್ಡು ಬಿಟ್ಟು, ತಣ್ಣಗಾಗಿ, ಅಂಚು ಬಿರಿದು. ತಿನ್ನಲೂ ಇಲ್ಲ, ತಟ್ಟೆಗೆ ವಾಪಸು ಹಾಕಲೂ ಇಲ್ಲ. ಆ ಅಂಚನ್ನು ಒತ್ತಿ ಮುಚ್ಚಿದ್ದು ಅವಳ ಬೆರಳು.

ಆವಾಗ ಎಂದರೆ ನಾಲ್ಕು ಚಳಿಗಾಲದ ಹಿಂದೆ. ಅದೊಂದು ಫೆಬ್ರವರಿಯಲ್ಲಿ ಟ್ರೆಂಟ್ ತಲೆ ಹಲಗೆಗೆ ಬಡಿದಿತ್ತು. ಮರುದಿನ ಅವನು ಹಾಲಿನ ಡಬ್ಬವನ್ನು ಒಲೆಯೊಳಗಿಟ್ಟ. ಮಗಳು ತೆಸ್ಸಾಳನ್ನು ತನ್ನ ತಂಗಿಯ ಹೆಸರಿನಿಂದ ಕರೆದ. ಬೆಳಕು ಕಂಡರೆ ವಾಂತಿ. ಜಾನೆಲ್ ಕಿಟಕಿಗಳಿಗೆಲ್ಲ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಅಂಟಿಸಿದಳು. ಚಮಚದ ಸದ್ದಾಗದಿರಲೆಂದು ಮರದ ಬಟ್ಟಲಿನಲ್ಲಿ ಊಟ ಕೊಟ್ಟಳು, ಮಾಂಸವನ್ನು ಮಗುವಿಗೆ ಮಾಡುವಂತೆ ಕತ್ತರಿಸಿ ಇಟ್ಟಳು. ಐದು ವರ್ಷದ ತೆಸ್ಸಾ ಮನೆಯಲ್ಲಿ ಪಿಸುಮಾತು ಕಲಿತಳು. ರಾತ್ರಿ ಅವನು ಉಸಿರಾಡುತ್ತಿದ್ದಾನೆಯೇ ಎಂದು ಮೂಗಿನ ಬಳಿ ಕೈ ಹಿಡಿದು ನೋಡುತ್ತಿದ್ದವಳು ಜಾನೆಲ್.

ಅವಳು ಮೆಕ್ಲೀಶ್‌ಗೆ ಫೋನ್ ಮಾಡಿ, "ಇವನು ಆಡೋ ಸ್ಥಿತೀಲಿಲ್ಲ" ಎಂದಾಗ ಅವನು ಕೇಳಿದ್ದು ಒಂದೇ ಮಾತು: "ನೀನು ಯಾವಾಗ ಡಾಕ್ಟರಾದೆ, ಜಾನೆಲ್?"

ಕಾರಣ ಆಮೇಲೆ ತಿಳಿಯಿತು. ಆ ವರ್ಷ ಇನ್ನಿಬ್ಬರು ರಕ್ಷಣೆಯ ಆಟಗಾರರು ಮಲಗಿದ್ದರು. ಒಂದೆರಡು ವಾರದ ಗಾಯಕ್ಕೆ ಲೀಗು ರಿಯಾಯಿತಿ ಕೊಡುವುದಿಲ್ಲ. ಬದಲಿಗೆ ಯಾರನ್ನಾದರೂ ಕರೆಸೋಣವೆಂದರೆ ತಟ್ಟೆ ತುಂಬಿತ್ತು. ಆದ್ದರಿಂದ ತಂಡದ ಲೆಕ್ಕದಲ್ಲಿ ಟ್ರೆಂಟ್ ಗಟ್ಟಿಮುಟ್ಟಾಗಿದ್ದ. ಆಟದ ನಡುವಿನ ವಿರಾಮದಲ್ಲಿ ಬಕೆಟ್ಟಿಗೆ ವಾಂತಿ ಮಾಡಿ ಮತ್ತೆ ಆಟಕ್ಕಿಳಿಯುತ್ತಿದ್ದ. ಆವತ್ತು ಜಾಗವಿರಲಿಲ್ಲ, ಅವನಿಗೆ ಆರೋಗ್ಯ. ಇವತ್ತು ಜಾಗ ಬೇಕು, ಅವನಿಗೆ ಗಾಯ. ನಿಜವಾದ ಗಾಯ ಗುಣವಾಗಿದ್ದು ಎಲ್ಲಿ, ಯಾರ ಕೈಯಲ್ಲಿ ಎಂದು ಯಾರೂ ಕೇಳಿರಲಿಲ್ಲ.

ಜಾನೆಲ್ ಯಾರ್ಕ್‌ಟನ್ನಿನ ಹುಡುಗಿ. ಮದುವೆಗೆ ಮುಂಚೆ ಅಲ್ಲಿನ ಧಾನ್ಯ ಪರೀಕ್ಷಾ ಕೇಂದ್ರದಲ್ಲಿ ಗೋಧಿಯ ದರ್ಜೆ ನೋಡುತ್ತಿದ್ದಳು. ಅಂಗೈಯಲ್ಲಿ ಹಿಡಿ ಕಾಳು ಹರಡಿ, ಮುಗ್ಗಿದ್ದು ಯಾವುದು, ಮಂಜು ಹೊಡೆದದ್ದು ಯಾವುದು ಎಂದು ಆರಿಸುವ ಆ ಕೆಲಸ ಅವಳಿಗೆ ಇಷ್ಟವಿತ್ತು. ಟ್ರೆಂಟ್‌ನನ್ನು ಒಂದು ತಂಡ ಇನ್ನೊಂದಕ್ಕೆ ಮಾರಿದಾಗ ಕೆಲಸ ಬಿಟ್ಟಳು. ಆಮೇಲೆ ಮಾರಾಟವಾದಾಗಲೆಲ್ಲ ಅವನು ಅದೇ ಸಂಜೆ ಒಂದು ಚೀಲ ಹಿಡಿದು ವಿಮಾನ ಹತ್ತುತ್ತಿದ್ದ. ಪಾತ್ರೆಗೆ ಕಾಗದ ಸುತ್ತುವುದು, ಬಾಡಿಗೆಯವರನ್ನು ಹುಡುಕುವುದು, ಶಾಲೆ ಬಿಡಿಸುವುದು, ಶಾಲೆ ಸೇರಿಸುವುದು, ಹೊಸ ಊರಿನಲ್ಲಿ ಹಲ್ಲಿನ ಡಾಕ್ಟರನ್ನು ಕಂಡುಹಿಡಿಯುವುದು, ಎಲ್ಲ ಅವಳದು. ಒಂದು ಊರಿನಲ್ಲಂತೂ ಪರದೆ ಹೊಲಿಸಿ ತೂಗುಹಾಕಿದ ಮರುದಿನವೇ ಬಿಚ್ಚಿದ್ದಳು. ಆಟಗಾರರ ಸಂಬಳಕ್ಕೆ ಮಿತಿ ಹಾಕಲು ಲೀಗಿನಲ್ಲಿ ವಕೀಲರ ದಂಡೇ ಇತ್ತು. ಅವರ ಹೆಂಡತಿಯರ ದುಡಿಮೆಗೆ ಮಿತಿ ಹಾಕಬೇಕೆಂದು ಯಾವ ವಕೀಲನಿಗೂ ಹೊಳೆದಿರಲಿಲ್ಲ.

ಈಗ ಗಾಯಾಳು ಮನೆಯಲ್ಲಿದ್ದ. "ಜಾನೆಲ್, ನನ್ನ ಬೂದು ಸಾಕ್ಸ್ ಎಲ್ಲಿ?" "ಜಾನೆಲ್, ಮಧ್ಯಾಹ್ನ ಏನು?" ಹೊರಗಿನ ಕೆಲಸ ಮೆಕ್ಲೀಶ್ ಬೇಡವೆಂದಿದ್ದ, ಒಳಗಿನ ಕೆಲಸ ಟ್ರೆಂಟ್‌ಗೆ ಎಂದೂ ಬಂದಿರಲಿಲ್ಲ. ತೆಸ್ಸಾ ಶಾಲೆಯಿಂದ ಬಂದು ವರದಿ ಒಪ್ಪಿಸಿದಳು: "ಅಪ್ಪಂಗೆ ಎಲ್ಲಿ ನೋವು ಅಂತ ಮಿಸ್ ಕೇಳಿದ್ರು. ಮೇಲ್ಗಡೆ ಅಂದೆ. ಮಹಡೀಲಾ ಅಂತ ಎಲ್ಲರೂ ನಕ್ರು."

ಡಾಕ್ಟರ್ ಬರುವ ಹಿಂದಿನ ದಿನ ನೆಲಮಾಳಿಗೆಯಿಂದ ಧಡ್, ಧಡ್ ಎಂದು ಸದ್ದು. ಜಾನೆಲ್ ಒಗೆಯುವ ಬಟ್ಟೆಯ ಬುಟ್ಟಿ ಹೊತ್ತು ಇಳಿದಳು. ಟ್ರೆಂಟ್ ಹಾಕಿ ಕೋಲು ಹಿಡಿದು ಬೆವರಿ ನಿಂತಿದ್ದ. ಹುಡುಗನಾಗಿದ್ದಾಗ ತಾಯಿಯ ಬಟ್ಟೆ ಒಣಗಿಸುವ ಯಂತ್ರಕ್ಕೆ ಐಸ್ ಹಾಕಿಯ ರಬ್ಬರ್ ಬಿಲ್ಲೆ ಹೊಡೆದು ಹೊಡೆದು ಕಲಿತವನು ಈಗ ಹೆಂಡತಿಯದಕ್ಕೆ ಹೊಡೆಯುತ್ತಿದ್ದ. ಅದರ ಬಾಗಿಲ ನಡುವಿನ ಗಾಜೊಂದು ಬಿಟ್ಟು ಉಳಿದ ತಗಡೆಲ್ಲ ಜಜ್ಜಿಹೋಗಿತ್ತು.

"ಇದರಲ್ಲಿ ನಾನು ಬಟ್ಟೆ ಒಣಗಿಸ್ಬೇಕು, ಟ್ರೆಂಟ್."

"ಹೊಸದು ತರೋಣ ಬಿಡು."

"ಆಡ್ಬೇಕು ಅನ್ಸುತ್ತಾ?"

ಅವನು ಕೋಲಿನ ತುದಿಯನ್ನು ನೆಲಕ್ಕೆ ಒತ್ತಿದ. "ಅನ್ಸುತ್ತೆ. ಯಾಕೆ ಅನ್ಸಲ್ಲ? ಮೈ ಸರಿಯಾಗಿದೆ, ತಲೆ ಸರಿಯಾಗಿದೆ. ಆದ್ರೆ ತಂಡಕ್ಕೆ..."

"ಹಾಗಾದ್ರೆ ಮೆಕ್ಲೀಶ್‌ಗೆ ಹೇಳು."

"ನಾನು ಹೇಗೆ ಹೇಳ್ಲಿ? ತಂಡಕ್ಕೆ ಬೆನ್ನು ತೋರಿಸ್ದ ಅಂತಾರೆ." ಅವನು ದನಿ ತಗ್ಗಿಸಿದ. "ನೀನು ಹೇಳ್ಬೋದಲ್ಲ. ಡಾಕ್ಟರ್ ಹೇಗಿದ್ರೂ ನಿನ್ನನ್ನೇ ಕೇಳೋದು."

ಜಾನೆಲ್ ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು. "ಅದನ್ನೂ ನಾನೇ ಮಾಡ್ಬೇಕಾ? ಸುಳ್ಳು ಹೇಳ್ಬೇಕಾದ್ರೆ ಮೆಕ್ಲೀಶ್‌ಗೆ ನಾನು ಬೇಕು. ನಿಜ ಹೇಳ್ಬೇಕಾದ್ರೆ ನಿಂಗೆ ನಾನು ಬೇಕು. ನಿಮ್ಮಿಬ್ಬರಿಗೂ ಬಾಯಿ ಇಲ್ವಾ? ಮೇಲ್ಭಾಗದ ಗಾಯ ಅಂದ್ರೆ ಇದೇನಾ?"

ಅವಳು ಬುಟ್ಟಿಯನ್ನು ಅಲ್ಲೇ ಬಿಟ್ಟು ಮೇಲೆ ಹತ್ತಿದಳು. ಅದು ಇಡೀ ರಾತ್ರಿ ಅಲ್ಲೇ ಇತ್ತು.

ಬೆಳಗಾಗುವಷ್ಟರಲ್ಲಿ ಮೆಟ್ಟಿಲು ಮುಚ್ಚುವಷ್ಟು ಹಿಮ ಬಿದ್ದಿತ್ತು. ಜಾನೆಲ್ ಕೋಟು ಹಾಕಿಕೊಳ್ಳಲಿಲ್ಲ. ಬಾಗಿಲ ಮೂಲೆಯ ಸಲಿಕೆ ತಂದು ಗಂಡನ ತಿಂಡಿ ತಟ್ಟೆಯ ಪಕ್ಕ, ಮೇಜಿನ ಮೇಲೆಯೇ ಇಟ್ಟಳು.

"ಡಾಕ್ಟರ್ ಬರ್ತಾರೆ. ದಾರಿ ಬೇಕು."

"ಮೆಕ್ಲೀಶ್ ಹೇಳಿದ್ದು..."

"ಮೆಕ್ಲೀಶ್ ಬಂದು ಎತ್ಲಿ ಹಾಗಾದ್ರೆ. ನಾನು ಎತ್ತಲ್ಲ. ಡಾಕ್ಟರ್‌ಗೆ ನಾನು ಏನು ಹೇಳ್ತೀನಿ ಅಂತ ಕೇಳ್ಬೇಡ. ನೀನು ಏನು ಹೇಳ್ತೀಯ ಅನ್ನೋದನ್ನ ಹೊರಗೆ ಹೋಗಿ ಸಲಿಕೆ ಹಿಡಿದು ಹೇಳು, ಇಲ್ಲ ಪರದೆ ಹಿಂದೆ ನಿಂತ್ಕೋ."

ಅವಳು ಕುರ್ಚಿ ಎಳೆದು ಕುಳಿತಳು. ಟ್ರೆಂಟ್ ಸಲಿಕೆಯನ್ನು ನೋಡಿದ, ಕಿಟಕಿಯನ್ನು ನೋಡಿದ. ಬಹಳ ಹೊತ್ತು ತಟ್ಟೆಯ ಮೊಟ್ಟೆಯನ್ನು ಕೆದಕಿದ. ಆಮೇಲೆ ಎದ್ದು, ತನ್ನ ಬೂಟುಗಳನ್ನು ತಾನೇ ಹುಡುಕಿಕೊಂಡು ಹೊರಗೆ ಹೋದ.

ಸ್ವಲ್ಪ ಹೊತ್ತಿಗೆ ಮರ್ವ್‌ನ ಕೂಗು ಕೇಳಿಸಿತು: "ಓಹೋ! ಪವಾಡ! ಸೊಂಟದ ಮೇಲೂ ವಾಸಿ, ಕೆಳಗೂ ವಾಸಿ!"

ಡಾಕ್ಟರ್ ಹಾಲ್ವರ್ಸನ್ ಎಂಬ ಹೆಂಗಸು ಬೂಟು ಕೊಡವುತ್ತ ಒಳಗೆ ಬಂದಳು. "ನಿಮ್ಮ ಬೀದಿ ತುದೀಲಿ ನನ್ನ ಕಾರು ಹೂತುಹೋಗಿತ್ತು. ಯಾರೋ ಭಾರೀ ಆಳು ಬಂದು ಒಬ್ಬನೇ ತಳ್ಳಿ ಎತ್ತಿಬಿಟ್ಟ. ಯಾರವನು?"

"ನಿಮ್ಮ ರೋಗಿ," ಎಂದಳು ಜಾನೆಲ್.

ಡಾಕ್ಟರ್ ಕಿಟಕಿಯಾಚೆ ಒಮ್ಮೆ ನೋಡಿ ಕುಳಿತಳು. ಆಮೇಲೆ ಕೇಳಿದಳು. "ನಿದ್ದೆ?"

"ಗೊರಕೆ ಹೊಡೀತಾನೆ."

"ಮರೆವು?"

"ಸಾಕ್ಸ್ ಎಲ್ಲಿದೆ ಅನ್ನೋದು ಮದುವೆಯಾದಾಗಿಂದ ಗೊತ್ತಿಲ್ಲ. ಅದು ತಲೆಪೆಟ್ಟಲ್ಲ."

ಡಾಕ್ಟರ್ ತುಟಿ ಬಿಗಿಹಿಡಿದು ನಗು ತಡೆದಳು. ಜಾನೆಲ್ ನಗಲಿಲ್ಲ. "ನಾಲ್ಕು ವರ್ಷದ ಹಿಂದೆ ಫೆಬ್ರವರೀಲಿ ನೀವು ಬರ್ಬೇಕಿತ್ತು. ಆವಾಗ ಈ ಮನೇಲಿ ಬೆಳಕೇ ಇರ್ಲಿಲ್ಲ. ನನ್ನ ಮಗಳು ಆರು ವಾರ ಪಿಸುಗುಟ್ಟಿದ್ಲು. ಅವನನ್ನ ಆ ಸ್ಥಿತೀಲಿ ಆಡಿಸಿದ್ರು. ಅದನ್ನ ಬರ್ಕೊಳ್ಳಿ."

"ನನ್ನನ್ನ ಕಳಿಸಿರೋದು ಈಗಿನ ಸ್ಥಿತಿ ನೋಡೋಕೆ, ಮಿಸೆಸ್ ವಾಸಿಲಿಕ್."

"ಗೊತ್ತು. ಎಲ್ಲರಿಗೂ ಈಗಿನದೇ ಬೇಕು. ಆದ್ರೂ ಬರ್ಕೊಳ್ಳಿ."

ಡಾಕ್ಟರ್ ಪೆನ್ನು ತೆಗೆದಳು. ಬರೆದದ್ದು ಏನೆಂದು ಜಾನೆಲ್‌ಗೆ ಕಾಣಲಿಲ್ಲ. "ಒಂದು ಕಾಫಿ ಸಿಗುತ್ತಾ?" ಎಂದು ಡಾಕ್ಟರ್ ಕೇಳಿದಾಗ, ಏಳಲು ಹೋದ ಜಾನೆಲ್ ಮತ್ತೆ ಕುಳಿತುಕೊಂಡಳು. "ಟ್ರೆಂಟ್ ಬಂದು ಮಾಡ್ತಾನೆ. ಅವನನ್ನೂ ಕೇಳ್ಬೇಕಲ್ಲ ನೀವು."

ಟ್ರೆಂಟ್ ಕೆಂಪು ಮೂಗಿನೊಂದಿಗೆ ಒಳಬಂದ. ಕಾಫಿ ಪುಡಿಯ ಡಬ್ಬಿಗಾಗಿ ನಾಲ್ಕು ಬಾಗಿಲು ತೆರೆದ. ಐದನೆಯದರಲ್ಲಿ ಸಿಕ್ಕಿತು. ಬೆನ್ನು ತಿರುಗಿಸಿ ನಿಂತೇ ಹೇಳಿದ: "ಡಾಕ್ಟರ್, ನಂಗೆ ಏನೂ ಆಗಿಲ್ಲ. ಆವಾಗ ಆಗಿತ್ತು. ಇವಳು ಹೇಳಿದ್ದು ನಿಜ."

ಮೆಕ್ಲೀಶ್ ಫೋನು ಮರುದಿನ ಬಂತು. ಟ್ರೆಂಟ್‌ಗಲ್ಲ, ಜಾನೆಲ್‌ಗೆ. ಡಾಕ್ಟರ್ ಗಾಯವಿಲ್ಲವೆಂದು ಬರೆದಿದ್ದರಿಂದ ಗೋಲು ಹೊಡೆಯುವವನು ಬೇರೆ ತಂಡದ ಪಾಲಾಗಿದ್ದ. ಟ್ರೆಂಟ್‌ನನ್ನು ಮೂಸ್ ಜಾ ಎಂಬ ಊರಿನ ಕೆಳಗಿನ ತಂಡಕ್ಕೆ ಕಳಿಸುವುದೆಂದು ತೀರ್ಮಾನವಾಗಿತ್ತು.

"ಅವನ ತಲೆ ಸರಿಯಿಲ್ಲ ಅಂತ ನೀನೇ ಅಲ್ವೇನಮ್ಮಾ ಹೇಳಿದ್ದು!" ಎಂದು ಅವನು ಕಿರುಚಿದ.

"ಹೇಳಿದ್ದೆ. ನೀವು ಆವಾಗ ಕೇಳ್ಬೇಕಿತ್ತು."

"ಮೂಸ್ ಜಾಗೆ ನಾಳೆ ಸಂಜೆಯೊಳಗೆ ಅವನು ಹೊರಡ್ಬೇಕು. ಸಾಮಾನು ಕಟ್ಟು."

"ಅವನು ಇಲ್ಲೇ ಇದಾನೆ," ಎಂದಳು ಜಾನೆಲ್. "ಅವನಿಗೇ ಹೇಳಿ, ಕಟ್ಕೋತಾನೆ."

ಫೋನನ್ನು ಟ್ರೆಂಟ್ ಕೈಗೆ ಕೊಟ್ಟು ಅವಳು ನೆಲಮಾಳಿಗೆಗೆ ಇಳಿದಳು. ಅವಳು ಬಿಟ್ಟಿದ್ದ ಬಟ್ಟೆಯ ಬುಟ್ಟಿ ಅಲ್ಲಿರಲಿಲ್ಲ; ಟ್ರೆಂಟ್ ತಾನೇ ಒಗೆದು ಹಾಕಿದ್ದ. ಜಜ್ಜಿದ ಬಾಗಿಲಿನ ಯಂತ್ರ ಗಡಗಡ ಎನ್ನುತ್ತ ತಿರುಗುತ್ತಿತ್ತು. ಒಳಗೆ ಅವಳ ಉಣ್ಣೆಯ ಸ್ವೆಟರು ಬೇರೆ ಬಟ್ಟೆಗಳ ಜೊತೆ ಸುತ್ತುತ್ತಿರುವುದು ಗಾಜಿನಲ್ಲಿ ಕಂಡಿತು. ಬಿಸಿಗೆ ಕುಗ್ಗಿ ಇನ್ನು ಅದು ತೆಸ್ಸಾಗಷ್ಟೇ ಆದೀತು. ಜಾನೆಲ್ ಯಂತ್ರವನ್ನು ನಿಲ್ಲಿಸಲು ಕೈ ಚಾಚಿದವಳು ಹಿಂದೆ ತೆಗೆದುಕೊಂಡಳು. ಮೇಲಕ್ಕೆ ಹೋಗಿ, ಟ್ರೆಂಟ್‌ನಿಂದ ಫೋನು ವಾಪಸು ಪಡೆದು, ಯಾರ್ಕ್‌ಟನ್ನಿನ ಧಾನ್ಯ ಪರೀಕ್ಷಾ ಕೇಂದ್ರಕ್ಕೆ, ತನ್ನ ಹಳೆಯ ಮೇಲಧಿಕಾರಿಗೆ, ಕೆಲಸ ಕೇಳಲು ಫೋನ್ ಹಚ್ಚಿದಳು.