ಅಂಗಡಿಗೆ ಬಾರದ ಆಟಗಳು

ನನ್ನ ಕಪಾಟಿನಲ್ಲಿರುವ ಕ್ಯಾಸೆಟ್‌ಗಳನ್ನು ಡೂಪ್ಲಿಕೇಟ್ ಎಂದವರನ್ನು ನಾನು ಎರಡನೆಯ ಸಲ ಮನೆಗೆ ಕರೆಯುವುದಿಲ್ಲ. ಹುಚ್ಚ ಎನ್ನಲಿ, ಬೇರೆ ಕೆಲಸವಿಲ್ಲದವನು ಎನ್ನಲಿ, ನಗುತ್ತಲೇ ಚಹಾ ಕೊಡುತ್ತೇನೆ. ಡೂಪ್ಲಿಕೇಟ್ ಎಂದರೆ ಮಾತ್ರ ತಡೆಯುವುದಿಲ್ಲ. ಅಸಲು ಎಂಬುದೇ ಇಲ್ಲದ ವಸ್ತುವಿಗೆ ನಕಲು ಎಲ್ಲಿಂದ ಬರಬೇಕು?

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾವು ಚಿಕ್ಕವರಿದ್ದಾಗ ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಇತ್ತಲ್ಲ, ಅದರ ನೆತ್ತಿಯ ಸೀಳಿನಲ್ಲಿ ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಸಿಕ್ಕಿಸಬೇಕಿತ್ತು. ಕಾರ್ಕಳದಲ್ಲಿ ಎಲ್ಲರೂ ಅದನ್ನು ಕ್ಯಾಸೆಟ್ ಎನ್ನುತ್ತಿದ್ದರು. ಆ ಕಾಲದಲ್ಲಿ ಜಪಾನಿನಲ್ಲಿ, ಅಮೆರಿಕದಲ್ಲಿ ಕೆಲವು ಆಟಗಳನ್ನು ಮುಕ್ಕಾಲು ಪಾಲು ಮಾಡಿ, ಪತ್ರಿಕೆಗೆ ಜಾಹೀರಾತನ್ನೂ ಕೊಟ್ಟು, ಕಂಪೆನಿಯವರು ಏನೋ ಕಾರಣಕ್ಕೆ ಕೈಬಿಟ್ಟರು. ಅವು ಯಾವ ಅಂಗಡಿಗೂ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಯಾರದೋ ಅಟ್ಟದಲ್ಲಿ, ಪರೀಕ್ಷೆಗೆಂದು ಮಾಡಿಟ್ಟ ಒಂದು ಚಿಪ್ ಸಿಗುತ್ತದೆ. ಅದರೊಳಗಿದ್ದುದನ್ನು ಹೊಸ ಚಿಪ್‌ಗೆ ಇಳಿಸಿ, ಹೊಸ ಡಬ್ಬಿಯೊಳಗೆ ಕೂರಿಸಿ ಕೊಡುವವರು ಲೋಕದಲ್ಲಿ ಅಲ್ಲಲ್ಲಿ ಇದ್ದಾರೆ. ಅಂಥವನ್ನು ನಾನು ಕೂಡಿಸುತ್ತೇನೆ.

ನನಗೆ ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಡಿಸೈನ್ ಕೆಲಸ. ವಾರವಿಡೀ ಮದುವೆ ಕಾಗದ, ಗೃಹಪ್ರವೇಶದ ಕಾಗದ, ಔಷಧಿಯ ರಟ್ಟಿನ ಡಬ್ಬಿ. ಭಾನುವಾರ ಕಾರ್ಕಳದ ಹತ್ತಿರ ಕುಕ್ಕುಂದೂರಿನ ಮನೆಯಲ್ಲಿ ಕ್ಯಾಸೆಟ್‌ಗಳ ಚಾಕರಿ. ಹೆಚ್ಚಿನವು ಬರೀ ಬೂದು ಡಬ್ಬಿಗಳಾಗಿ ಬರುತ್ತವೆ, ಮೈಮೇಲೆ ಒಂದಕ್ಷರ ಇರುವುದಿಲ್ಲ. ಅವಕ್ಕೆ ಲೇಬಲ್ ಬರೆದು, ಪೆಟ್ಟಿಗೆ ಕತ್ತರಿಸಿ ಮಡಿಸಿ, ಆಡುವ ಕ್ರಮದ ಪುಟ್ಟ ಪುಸ್ತಕವನ್ನೂ ಮಾಡಿ ಒಳಗಿಡುತ್ತೇನೆ. ಇಂಥವನ್ನು ಕೂಡಿಸುವ ನಮ್ಮವರಲ್ಲಿ ಒಂದು ಕಟ್ಟುನಿಟ್ಟು ಇದೆ: ಇದು ಈಚೆಗೆ ಮಾಡಿದ್ದು ಎಂದು ಲೇಬಲ್ಲಿನ ಮೂಲೆಯಲ್ಲಿ ಸಣ್ಣದಾಗಿಯಾದರೂ ಹಾಕಲೇಬೇಕು. ಆ ಸಾಲನ್ನು ನುಂಗಿದವನ ಜೊತೆ ನಾವು ಯಾರೂ ವ್ಯವಹಾರ ಇಟ್ಟುಕೊಳ್ಳುವುದಿಲ್ಲ.

ಅಮ್ಮನಿಗೆ ಇದೆಲ್ಲ ತಮಾಷೆಯಾಗಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದವರನ್ನು ನೋಡಿದ್ದೇನೆ, ನೀನು ಹುಟ್ಟದೇ ಹೋದ ಕೂಸಿಗೆ ಹೊಲಿಸುತ್ತೀಯಲ್ಲ ಮಾರಾಯ, ಎನ್ನುತ್ತಿದ್ದಳು. ನಾನು ಯಾಕೆ ಹೊಲಿಸುತ್ತೇನೆಂದು ಅವಳಿಗೆ ಹೇಳಿರಲಿಲ್ಲ.

ನನಗೊಬ್ಬಳು ತಂಗಿ ಇದ್ದಳು. ಮಸ್ಕತ್‌ನಲ್ಲಿದ್ದ ಮಾವ ರಜೆಗೆ ಬಂದಾಗ ನಮಗೆ ವಿಡಿಯೋ ಗೇಮ್ ತಂದುಕೊಟ್ಟರು, ಜೊತೆಗೆ ದಪ್ಪನೆಯ ಒಂದು ಇಂಗ್ಲಿಷ್ ಪತ್ರಿಕೆ. ಓದಲು ಇಬ್ಬರಿಗೂ ಬರುತ್ತಿರಲಿಲ್ಲ, ಚಿತ್ರ ನೋಡುತ್ತಿದ್ದೆವು. ಅದರಲ್ಲೊಂದು ಪುಟದಲ್ಲಿ ದೊಡ್ಡ ಆಮೆಯ ಬೆನ್ನ ಮೇಲೆ ಕೊಡೆ ಹಿಡಿದು ಕೂತ ಹುಡುಗಿ. ಇನ್ನು ಸ್ವಲ್ಪ ದಿನದಲ್ಲಿ ಬರುವ ಆಟವೆಂದು ಮಾವ ಓದಿ ಹೇಳಿದರು. ತಂಗಿ ಅದರ ಮೇಲೆ ಕೈಯಿಟ್ಟು ಇದು ನನ್ನದು ಎಂದಳು. ಮುಂದಿನ ರಜೆಗೆ ತರುತ್ತೇನೆ ಎಂದರು ಮಾವ. ಮುಂದಿನ ರಜೆಗೆ ಮಾವ ಬಂದರು, ಆಟ ಬರಲಿಲ್ಲ, ತಂಗಿಯೂ ಇರಲಿಲ್ಲ. ಮೆದುಳು ಜ್ವರ. ಅವಳಿಗೆ ಒಂಬತ್ತು ವರ್ಷ, ನನಗೆ ಹನ್ನೊಂದು. ಪತ್ರಿಕೆಗೆ ಯಾವ ಮಳೆಗಾಲದಲ್ಲಿ ಗೆದ್ದಲು ಹಿಡಿಯಿತೋ, ಆಟದ ಹೆಸರು ನನಗೆ ನೆನಪಿಲ್ಲ. ಆಮೆ ಮಾತ್ರ ನೆನಪಿತ್ತು. ಹಾಗಾಗಿ ಅಂಗಡಿಗೆ ಬಾರದ ಆಟ ಎಲ್ಲಿ ಸಿಕ್ಕಿತೆಂದರೂ ತರಿಸುತ್ತಿದ್ದೆ. ಯಾವುದರಲ್ಲಿ ಅವಳ ಆಮೆ ಇದೆಯೋ ಯಾರಿಗೆ ಗೊತ್ತು?

ಅಪ್ಪ ಹೋದ ಮೇಲೆ ಮನೆಯಲ್ಲಿ ಅಮ್ಮ ಮತ್ತು ನಾನು. ನನಗೆ ಮದುವೆಯಾಗಿಲ್ಲ, ನಲವತ್ತು ದಾಟಿದೆ. ಈಚಿನ ವರ್ಷಗಳಲ್ಲಿ ಅಮ್ಮನಿಗೆ ಅಂಗಳ ಗುಡಿಸಿದರೆ ಏದುಸಿರು ಬರುತ್ತಿತ್ತು. ಮಣಿಪಾಲದ ಡಾಕ್ಟರು ಹೃದಯ ದುರ್ಬಲವಾಗಿದೆ, ಆಪರೇಷನ್ ಮಾಡುವ ಹಾಗಿಲ್ಲ ಎಂದರು. ಅಮ್ಮ ಅಳಲಿಲ್ಲ, ನನಗೂ ಹೇಳದೆ ಹೋಗಿ ಜೋಯಿಸರ ಹತ್ತಿರ ಕವಡೆ ಹಾಕಿಸಿ ಪ್ರಶ್ನೆ ಇಡಿಸಿ ಬಂದಳು. ಪ್ರಶ್ನೆಯಲ್ಲಿ ಕಂಡದ್ದು ಇದು: ಮಗಳು ಮದುವೆಯ ಪ್ರಾಯ ಕಳೆದು ಕಾದು ಕೂತಿದ್ದಾಳೆ, ಮೊದಲು ಅವಳದ್ದಾಗಬೇಕು.

ನಮ್ಮ ತುಳುನಾಡಿನಲ್ಲಿ ಇದು ಹೊಸತಲ್ಲ. ಚಿಕ್ಕಂದಿನಲ್ಲಿ ತೀರಿಕೊಂಡ ಮಕ್ಕಳು ಆ ಕಡೆಯೂ ಬೆಳೆಯುತ್ತಾರೆ ಎಂದು ನಂಬಿಕೆ. ಪ್ರಾಯ ಬಂದಾಗ, ಹಾಗೆಯೇ ತೀರಿಕೊಂಡ ಒಬ್ಬ ಹುಡುಗನನ್ನು ಹುಡುಕಿ, ಬೇರೆ ಬಳಿಯವನೇ, ಅಂದರೆ ಬೇರೆ ಕುಲದವನೇ ಎಂದು ನೋಡಿಕೊಂಡು, ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ ಮದುವೆ ಮಾಡುತ್ತಾರೆ. ಅಲ್ಲಿಂದ ಮುಂದೆ ಅವಳು ಆ ಮನೆಯವಳು.

ನನಗೆ ಸಿಟ್ಟು ನೆತ್ತಿಗೇರಿತು. ಮೂವತ್ತು ವರ್ಷದ ಹಿಂದೆ ಹೋದವಳಿಗೆ ಮದುವೆಯಂತೆ, ನಿನ್ನ ಮಂಡೆ ಸರಿ ಉಂಟಾ, ಹೃದಯಕ್ಕೆ ಮದ್ದು ತಗೋ ಎಂದರೆ ಜೋಯಿಸರ ಮನೆಗೆ ಓಡುತ್ತೀಯಲ್ಲ ಎಂದು ಕೂಗಾಡಿದೆ. ಲೇಬಲ್ ಅಂಟಿಸುತ್ತಿದ್ದವನು ಬ್ರಶ್ಶನ್ನು ಮೇಜಿನ ಮೇಲೆ ಬಿಸಾಡಿದೆ. ಅಮ್ಮ ಮೇಜಿನ ಮೇಲಿದ್ದ ಪೆಟ್ಟಿಗೆಯನ್ನು ಎತ್ತಿ ನೋಡಿದಳು.

"ಅಂಗಡಿಗೇ ಬಾರದ ಆಟಕ್ಕೆ ನೀನು ಪೆಟ್ಟಿಗೆ ಮಾಡುತ್ತಿ, ಚಿತ್ರ ಬಿಡಿಸುತ್ತಿ, ಹೆಸರು ಹಾಕುತ್ತಿ. ನನ್ನ ಮಗಳಿಗೆ ಒಂದು ಸೀರೆ ಬೇಡವಾ?"

ಬಿಸಾಡಿದ ಬ್ರಶ್ಶನ್ನು ಎತ್ತಿಕೊಂಡೆ. ಅವಳು ಗೆದ್ದವಳಂತೆ ಮುಖ ಮಾಡಲಿಲ್ಲ. ನಾನು ಹೋಗುವ ಮೊದಲು ಅವಳಿಗೊಂದು ಮನೆ ಆಗಬೇಕು, ಅಷ್ಟು ಮಾಡಿಕೊಡು ಮಗಾ ಎಂದಳು. ಮರುದಿನದಿಂದ ನಾನೇ ಕಾರು ಓಡಿಸಿದೆ.

ಹುಡುಗ ಸಿಕ್ಕಿದ್ದು ಕಾಪುವಿನಲ್ಲಿ. ಹನ್ನೆರಡರ ಪ್ರಾಯದಲ್ಲಿ ಸಮುದ್ರಕ್ಕೆ ಈಜಲು ಹೋಗಿ ತಿರುಗಿ ಬಾರದವನು. ಅವನ ತಾಯಿ ಅಮ್ಮನಿಗಿಂತ ಸ್ವಲ್ಪ ಚಿಕ್ಕವರು, ಗಂಡನನ್ನೂ ಕಳೆದುಕೊಂಡವರು. ಸಂಬಂಧದಲ್ಲಿ ಅವರು ನನಗೆ ಮಾಮಿ, ಅಂದರೆ ಅತ್ತೆ ಆಗಬೇಕು, ಅವತ್ತಿನಿಂದ ಹಾಗೇ ಕರೆದೆ. ಇಬ್ಬರು ಹೆಂಗಸರೂ ಜಗಲಿಯಲ್ಲಿ ಕೂತು ಮಾತಾಡಿದ ರೀತಿ ನನಗೆ ಸಹಿಸಲಾಗಲಿಲ್ಲ. ಹುಡುಗಿಯ ಬಣ್ಣ ಹೇಗೆ ಎಂದು ಮಾಮಿ ಕೇಳಿದರು. ಅಮ್ಮ ಗೋಧಿ ಬಣ್ಣ, ಜಡೆ ಉದ್ದ ಎಂದಳು. ನಮ್ಮವನು ಅಪ್ಪನ ಹಾಗೆ ಎತ್ತರ ಆಗುತ್ತಿದ್ದ ಎಂದು ಅವರೆಂದರು. ಹಾಗಾದರೆ ಜೋಡಿ ಚಂದವೇ ಎಂದು ಅಮ್ಮ ನಕ್ಕಳು. ನಾನು ಎದ್ದು ಹೊರಗೆ ಹೋದೆ. ತಿರುಗಿ ಬಂದಾಗ ಇಬ್ಬರೂ ಸೀರೆಯ ಬಣ್ಣದ ಬಗ್ಗೆ ಚರ್ಚೆಗೆ ಇಳಿದಿದ್ದರು, ಕಣ್ಣುಗಳು ಮಾತ್ರ ಒದ್ದೆಯಾಗಿದ್ದವು.

ಧಾರೆ ಸೀರೆ ಹುಡುಗನ ಕಡೆಯವರದ್ದು. ನಮ್ಮ ಕಡೆಯಿಂದ ಕೊಡುವ ಸೀರೆಗೆ ಉಡುಪಿಗೆ ಹೋದೆವು. ಅಂಗಡಿಯ ಹುಡುಗಿ ಒಂದೊಂದನ್ನೇ ಬಿಚ್ಚಿ ತನ್ನ ಹೆಗಲ ಮೇಲೆ ಹಾಕಿ ತೋರಿಸುತ್ತಾ, ಮದುಮಗಳು ಬರಲಿಲ್ವಾ ಎಂದು ಕೇಳಿದಳು. ಅವಳು ದೂರ ಇದ್ದಾಳೆ, ನಾನು ತಂದದ್ದನ್ನೇ ಉಡುವವಳು ಎಂದಳು ಅಮ್ಮ. ನಾನು, ಕಾರು ಅಡ್ಡ ನಿಲ್ಲಿಸಿದ್ದೇನೆ ಎಂದು ಸುಳ್ಳು ಹೇಳಿ ಹೊರಗೆ ಬಂದೆ. ದಾರಿಯಲ್ಲಿ, ಕಾಗದ ನಾನು ಮಾಡಲೇ ಎಂದು ಕೇಳಿದೆ. ಊರವರ ಮಕ್ಕಳಿಗೆಲ್ಲ ಮದುವೆ ಕಾಗದ ಮಾಡಿದವನಲ್ಲವೇ ನಾನು? ಇಂಥ ಮದುವೆಗೆ ಕಾಗದ ಮಾಡುವ ಕ್ರಮ ಇಲ್ಲ ಎಂದಳು ಅಮ್ಮ.

ಆಗಲೇ ಆಮೆ ಸಿಕ್ಕಿತು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಹೊರದೇಶದಲ್ಲಿ ಯಾರೋ ಗೇಮ್ ಕಂಪೆನಿಯ ಹಳೆಯ ನೌಕರರೊಬ್ಬರ ಮನೆಯ ಸಾಮಾನು ಕೊಂಡಿದ್ದರಂತೆ, ಅದರಲ್ಲಿದ್ದ ಒಂದು ಚಿಪ್‌ನಿಂದ ಆಟ ಹೊರಬಂದಿತ್ತು. ಫೋನಿನಲ್ಲಿ ಮೊದಲ ಪರದೆಯ ಚಿತ್ರ ನೋಡಿದಾಗ ನಾನು ಪ್ರೆಸ್ಸಿನಲ್ಲಿದ್ದೆ. ಆಮೆ, ಕೊಡೆ, ಹುಡುಗಿ. ಬೇಡಿ ಕಾಡಿ ತರಿಸಿಕೊಂಡೆ. ಹೇಳಬಾರದು, ಆಟ ಚೆನ್ನಾಗಿಲ್ಲ. ಆಮೆ ಹೇಳಿದಲ್ಲಿ ತಿರುಗುವುದಿಲ್ಲ, ಎರಡು ಹಂತ ದಾಟಿದರೆ ಪರದೆ ಅಲ್ಲೇ ನಿಂತುಬಿಡುತ್ತದೆ. ಆದರೂ ಲೇಬಲ್‌ಗೆ ನಾನು ಕೂತಷ್ಟು ಹೊತ್ತು ಬೇರೆ ಯಾವುದಕ್ಕೂ ಕೂತದ್ದಿಲ್ಲ. ಮೂಲೆಯ ಆ ಸಣ್ಣ ಸಾಲನ್ನು ಇದಕ್ಕೆ ಮಾತ್ರ ಹಾಕಲು ಮನಸ್ಸು ಬರಲಿಲ್ಲ, ಹಾಕಲಿಲ್ಲ. ಯಾರು ಬೇಕಾದರೂ ಬೈಯಲಿ.

ಮದುವೆಯ ದಿನ ಅದನ್ನು ಅಮ್ಮನ ಕೈಗೆ ಕೊಟ್ಟು, ಸೀರೆಯ ಹತ್ತಿರ ಇಡು, ಇದು ಅವಳದ್ದು ಎಂದೆ. ಸೆರಗಿನಿಂದ ಪೆಟ್ಟಿಗೆಯನ್ನು ಒರೆಸಿ ಒಳಗೆ ಒಯ್ದಳು.

ನಾನೇ ಇಡಬಹುದಿತ್ತಲ್ಲ ಎಂದರೆ, ಇಲ್ಲ. ಮದುವೆಯಾಗದವರು ಆ ಮದುವೆಯನ್ನು ನೋಡಬಾರದು. ನೋಡಿದರೆ ಅವರ ಮದುವೆ ಮುರಿಯುತ್ತದಂತೆ. ನನ್ನದು ಮುರಿಯಲು ಇನ್ನೇನು ಉಳಿದಿದೆ ಎಂದು ಜಗಳ ತೆಗೆದೆ, ಯಾರೂ ಕೇಳಲಿಲ್ಲ. ಒಬ್ಬಳೇ ತಂಗಿಯ ಮದುವೆಯ ದಿನ ನಾನು ಪಕ್ಕದ ಮನೆಯ ಜಗಲಿಯಲ್ಲಿ ಕೂತೆ. ಅದು ಕ್ರೈಸ್ತರ ಮನೆ, ಅಲ್ಲಿಯ ಅಜ್ಜಿಯನ್ನು ನಾವೆಲ್ಲ ಬಾಯಿ ಎಂದೇ ಕರೆಯುವುದು. ಬಾಯಿ ಕಾಫಿ ತಂದಿಟ್ಟು ನನ್ನ ಹತ್ತಿರವೇ ಕೂತರು.

ನಮ್ಮ ಮನೆಯಿಂದ ಸದ್ದು ಮಾತ್ರ ಕೇಳುತ್ತಿತ್ತು. ಎರಡು ಮಣೆ ಇಟ್ಟು, ಒಂದರ ಮೇಲೆ ಸೀರೆ, ಬಳೆ, ಮಲ್ಲಿಗೆ, ಇನ್ನೊಂದರ ಮೇಲೆ ಪಂಚೆ, ಅಂಗಿ ಇಡುತ್ತಾರೆಂದು ಗೊತ್ತಿತ್ತು. ಹೆಂಗಸರು ಹುಡುಗನ ಕಡೆಯವರನ್ನು ಗೇಲಿ ಮಾಡುತ್ತಿದ್ದರು, ನಗು ಏಳುತ್ತಿತ್ತು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಹೆಣ್ಣು ಒಪ್ಪಿಸಿಕೊಡುವ ಹೊತ್ತೆಂದು ನನಗೆ ತಿಳಿಯಿತು, ಯಾಕೆಂದರೆ ಅಮ್ಮ ಅಳುವುದು ಕೇಳಿತು. ತಂಗಿ ತೀರಿಕೊಂಡ ದಿನ ಅತ್ತಂತೆ ಅಲ್ಲ. ಮಗಳನ್ನು ಗಂಡನ ಮನೆಗೆ ಕಳಿಸುವ ಎಲ್ಲ ತಾಯಂದಿರೂ ಅಳುವ ಹಾಗೆ, ಸ್ವಲ್ಪ ನಾಚಿಕೊಂಡು. ಬಾಯಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಮಳೆಯಲ್ಲಿ ಮಾಮಿಯ ಕಾರು ಹೊರಟಿತು, ಹಿಂದಿನ ಸೀಟಿನಲ್ಲಿ ಒಂದು ಟ್ರಂಕು. ಸೀರೆ, ಬಳೆ, ಆಮೆ ಎಲ್ಲ ಅದರಲ್ಲಿ.

ಅವತ್ತಿನಿಂದ ಅಮ್ಮ ಹಗುರಾದಳು. ಮಗಳ ಮನೆ, ಬೀಗಿತ್ತಿ ಎಂದು ಬಾಯಿತುಂಬ ಹೇಳುತ್ತಿದ್ದಳು, ಮಾಮಿಗೆ ಫೋನ್ ಮಾಡಿ ಗಂಟೆಗಟ್ಟಲೆ ಮಾತಾಡುತ್ತಿದ್ದಳು. ನನಗೂ ಸಮಾಧಾನವಾಗಿತ್ತು. ಸುಳ್ಳು ಯಾಕೆ, ಹೆಮ್ಮೆಯೇ ಆಗಿತ್ತು. ತಂಗಿ ಕೇಳಿದ ಒಂದೇ ವಸ್ತು, ಲೋಕದಲ್ಲಿ ಇಲ್ಲದೇ ಇದ್ದ ವಸ್ತು, ಅಣ್ಣ ತಂದುಕೊಟ್ಟ ಎಂದು. ಕ್ಯಾಸೆಟ್ ತರಿಸುವುದು ಅಲ್ಲಿಗೆ ನಿಂತಿತು. ದೀಪಾವಳಿಗೆ ಮೊದಲು ಅಮ್ಮ ಹೋದಳು. ಬೆಳಿಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟವಳು ಹಾಗೇ ಗೋಡೆಗೆ ಒರಗಿದಳು.

ನಮ್ಮಲ್ಲಿ ಆಟಿಯಲ್ಲಿ, ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುವ ಕ್ರಮ ಇದೆ. ಅವರವರಿಗೆ ಇಷ್ಟವಾದದ್ದನ್ನು ಮಾಡಿ, ಬಡಿಸಿ, ಬಾಗಿಲು ಎಳೆದುಕೊಂಡು ಸ್ವಲ್ಪ ಹೊತ್ತು ಹೊರಗಿರಬೇಕು. ಈ ವರ್ಷ ಅಪ್ಪನ ಎಲೆಯ ಪಕ್ಕ ಅಮ್ಮನ ಎಲೆ. ಅಪ್ಪನಿಗೆ ಕೋಳಿ ಸಾರು, ರೊಟ್ಟಿ, ಅಮ್ಮನಿಗೆ ಪತ್ರೊಡೆ, ಇಷ್ಟು ನನಗೆ ಗೊತ್ತಿತ್ತು. ಕೆಸುವಿನ ಎಲೆ ತಂದು ನಾರು ತೆಗೆಯುತ್ತಿದ್ದಾಗ ಕಾಪುವಿನಿಂದ ಮಾಮಿಯ ಫೋನ್ ಬಂತು.

"ನಾಳೆ ನಮ್ಮಲ್ಲಿ ಬಡಿಸುವುದುಂಟು. ಮಗನಿಗೆ ಎಂತ ಬೇಕೂಂತ ನನಗೆ ಗೊತ್ತುಂಟು. ಅವಳಿಗೆ ನಮ್ಮ ಮನೆಯಲ್ಲಿ ಇದು ಮೊದಲ ಸಲ ಅಲ್ವಾ? ಸೊಸೆಗೆ ತಿನ್ನಲಿಕ್ಕೆ ಎಂತ ಇಷ್ಟ ಮಗಾ?"

ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟೆ. ಅಷ್ಟು ವರ್ಷವೂ ತಂಗಿಯ ಎಲೆಗೆ ಬಡಿಸುತ್ತಿದ್ದವಳು ಅಮ್ಮ ಒಬ್ಬಳೇ, ಕೊನೆಗೆ, ಬೆನ್ನು ನಮ್ಮ ಕಡೆಗೆ ಮಾಡಿ. ಪ್ರತಿ ಆಟಿಯಲ್ಲೂ ಅವಳು ಬೇರೆಯಾಗಿ ಏನೋ ಒಂದು ಮಾಡುತ್ತಿದ್ದಳು, ಅಷ್ಟು ನೆನಪಿದೆ. ಸಿಹಿಯೋ, ಖಾರವೋ, ಮೀನೋ? ಒಂಬತ್ತು ವರ್ಷ ಒಂದೇ ಮನೆಯಲ್ಲಿ ಒಟ್ಟಿಗೆ ಕೂತು ಉಂಡವಳು. ನನ್ನ ಬಟ್ಟಲಿನಿಂದ ಎತ್ತಿಕೊಂಡು ಓಡುತ್ತಿದ್ದಳು. ಏನನ್ನು ಎತ್ತಿಕೊಂಡು? ಕೇಳೋಣವೆಂದರೆ ಹೇಳಬಲ್ಲವಳು ಈಗ ಇಲ್ಲ.

ಗೊತ್ತಿಲ್ಲ ಮಾಮಿ ಎಂದೆ. ಅಷ್ಟು ಹೇಳುವಾಗ ಅಳು ಬಂದುಬಿಟ್ಟಿತು, ಅಮ್ಮನನ್ನು ಎತ್ತುವಾಗಲೂ ನಾನು ಹಾಗೆ ಅತ್ತಿರಲಿಲ್ಲ.

"ಇರಲಿ ಮಗಾ, ಅಳಬೇಡ. ನಾನು ಎಲ್ಲ ಸ್ವಲ್ಪ ಸ್ವಲ್ಪ ಮಾಡಿ ಇಡುತ್ತೇನೆ. ಅವಳಿಗೆ ಬೇಕಾದ್ದು ಅದರಲ್ಲಿ ಒಂದಾದರೂ ಇದ್ದೀತು."